ಮಧ್ಯಾಹ್ನ ಹನ್ನೆರಡರೊಳಗೆ ಒಂದು ಎಡಗಾಲು

ಬೆಳಗಿನ ಐದೂಮುಕ್ಕಾಲು. ಮೂರನೇ ಮಹಡಿಯ ಉದ್ದನೆಯ ಕಾರಿಡಾರಿನಲ್ಲಿ ರಾತ್ರಿಯ ದೀಪ ಇನ್ನೂ ಉರಿಯುತ್ತಿದೆ. ಒಂದು ತುದಿಯಲ್ಲಿ ಎಪ್ಪತ್ತನಾಲ್ಕು ವರ್ಷದ ಹಿರಿಯರು. ಮೈಮೇಲೆ ಸ್ವೆಟರು, ಎರಡೂ ಮೊಣಕಾಲಿಗೆ ಪಟ್ಟಿ. ಇನ್ನೊಂದು ತುದಿಯಲ್ಲಿ ನಲವತ್ತೇಳರ ಹೆಂಗಸೊಬ್ಬರು ಚಪ್ಪಲಿ ಬಿಚ್ಚಿ ಬದಿಗಿಟ್ಟಿದ್ದಾರೆ. ಅವರ ಕಾಲ ಬಳಿ ಹಳೆಯ ಕಾಲುಚೀಲಗಳನ್ನು ಬಿಗಿಯಾಗಿ ಸುತ್ತಿ ಮಾಡಿದ ಚೆಂಡಿದೆ.

"ಸಾರ್, ಈಗ ನಾನು ಯಾರು?"

"ನೀನು ಎಂಟು. ಬಾ, ಬಾ. ಇವತ್ತು ಬಿಡಲ್ಲ ನಿನ್ನ."

ಹೆಂಗಸು ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಓಡಿ ಬರುತ್ತಾರೆ. ಚೆಂಡು ಎಡಕ್ಕೂ ಹೊರಳುವುದಿಲ್ಲ, ಬಲಕ್ಕೂ ಹೊರಳುವುದಿಲ್ಲ. ನೆಟ್ಟಗೆ ನಡುಗೆರೆಯಲ್ಲೇ ಬರುತ್ತದೆ. ಇನ್ನು ಮೂರು ಮಾರು ಇದೆ ಅನ್ನುವಾಗ ಹಿರಿಯರ ಬಲಭುಜ ತಾನಾಗಿ ಕುಸಿಯುತ್ತದೆ, ಬಲಗಾಲು ಸರ್ರನೆ ಪಕ್ಕಕ್ಕೆ ಜಾರುತ್ತದೆ, ಕೈ ಗೋಡೆ ಹಿಡಿಯುತ್ತದೆ. "ಹೋದ! ಹಾಳಾದವನು ಮತ್ತೆ ಹೋದ ನೋಡು!" ಎಂದು ಅವರು ಏದುಸಿರಲ್ಲೇ ನಗುತ್ತಾರೆ. ಹೆಂಗಸು ಪುಟ್ಟ ಪುಸ್ತಕ ತೆಗೆದು ಒಂದೇ ಪದ ಬರೆಯುತ್ತಾರೆ: ಬಲ.

ಒಳಗಿನಿಂದ ಹಿರಿಯರ ಹೆಂಡತಿಯ ದನಿ ಬರುತ್ತದೆ: "ಬಿದ್ದು ಸೊಂಟ ಮುರ್ಕೊಂಡ್ರೆ ಆ ಎಂಟು ಬಂದು ಎಣ್ಣೆ ತಿಕ್ತಾನಾ?"

ಈ ಹಿರಿಯರು ಒಂದು ಕಾಲದಲ್ಲಿ ಫುಟ್‌ಬಾಲಿನ ದೊಡ್ಡ ರಕ್ಷಣಾ ಆಟಗಾರ. ಅವರನ್ನು ದಾಟುವುದು ಕಷ್ಟವೆಂದು ಎಲ್ಲರೂ 'ಗೇಟು' ಎನ್ನುತ್ತಿದ್ದರು. ಓಡಿ ಬಂದ ಹೆಂಗಸಿನದು ಫುಟ್‌ಬಾಲ್ ವಿಡಿಯೊ ಗೇಮ್ ತಯಾರಿಸುವ ಕಂಪನಿಯಲ್ಲಿ ಕೆಲಸ. ನಿವೃತ್ತರಾದ ಹಳೆಯ ಆಟಗಾರರು ಆ ಗೇಮಿನಲ್ಲಿ ಎಷ್ಟು ವೇಗವಾಗಿ ಓಡಬೇಕು, ಎಷ್ಟು ಎತ್ತರ ಜಿಗಿಯಬೇಕು, ಎಷ್ಟು ಸಲ ಎಡವಬೇಕು ಎಂಬುದನ್ನೆಲ್ಲ ಒಂದರಿಂದ ತೊಂಬತ್ತೊಂಬತ್ತರೊಳಗಿನ ಅಂಕಗಳಲ್ಲಿ ನಿರ್ಧರಿಸುವವರು ಅವರು. ಆಫೀಸಿನಲ್ಲಿ ಅವರಿಗೆ 'ಅಂಕದಕ್ಕ' ಎಂದೇ ಹೆಸರು. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಈ ವರ್ಷದ ಪಟ್ಟಿಗೆ ಬೀಗ ಬೀಳುತ್ತದೆ. ಅಷ್ಟರೊಳಗೆ ಅವರು ಮೂರು ವರ್ಷದ ಹಿಂದೆ ತಾವೇ ಮಾಡಿದ ಒಂದು ತಪ್ಪನ್ನು ತಿದ್ದಬೇಕು. ತಿದ್ದದಿದ್ದರೆ, ಜೀವಂತವಿರುವ ಮನುಷ್ಯನೊಬ್ಬ ಇನ್ನೊಂದು ವರ್ಷ ತನ್ನದಲ್ಲದ ಕಾಲಿನಲ್ಲಿ ಆಡಬೇಕಾಗುತ್ತದೆ.

ಅಜ್ಜಿಯ ಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗೆ ಅಡಗಿರುತ್ತಿತ್ತು. ಅಂಕದಕ್ಕನ ಕಂಪ್ಯೂಟರಿನಲ್ಲಿ ಒಬ್ಬ ಆಟಗಾರನ ಪ್ರಾಣ ಮೂವತ್ತನಾಲ್ಕು ಚೌಕಗಳಲ್ಲಿ ಹಂಚಿಹೋಗಿದೆ. ಓಟಕ್ಕೊಂದು, ತಿರುವಿಗೊಂದು, ತಲೆಯಲ್ಲಿ ಹೊಡೆಯುವುದಕ್ಕೊಂದು, ಸಿಟ್ಟಿಗೊಂದು, ಕೊನೆಯ ಹತ್ತು ನಿಮಿಷದ ದಮ್ಮಿಗೊಂದು. ಆರು ವರ್ಷದಲ್ಲಿ ಮುನ್ನೂರ ನಲವತ್ತು ಜನರ ಚೌಕಗಳನ್ನು ಅವರೊಬ್ಬರೇ ತುಂಬಿದ್ದಾರೆ. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಫುಟ್‌ಬಾಲ್ ಸಂಘದಲ್ಲಿ ಟೈಪಿಸ್ಟ್ ಆಗಿ ರೆಫರಿಗಳ ವರದಿ ಟೈಪ್ ಮಾಡುತ್ತಿದ್ದರು. ಸ್ವತಃ ಒಂದು ದಿನವೂ ಚೆಂಡು ಒದ್ದವರಲ್ಲ.

ಈಗಿನ ಆಟಗಾರರಿಗೆ ಅಂಕ ಹಾಕಲು ಇಪ್ಪತ್ತು ಕ್ಯಾಮೆರಾಗಳಿವೆ. ಹಳಬರಿಗೆ ಸಿಗುವುದು ಮಸುಕಾದ ಒಂದೆರಡು ಟೇಪು ಮಾತ್ರ. ಹಾಗಾಗಿ ಅಂಕದಕ್ಕ ತಮ್ಮದೇ ದಾರಿ ಕಂಡುಕೊಂಡಿದ್ದಾರೆ. ಆಟಗಾರನನ್ನು ಅವರು ಭೇಟಿಯಾಗುವುದಿಲ್ಲ. ಜೊತೆಯಲ್ಲಿ ಆಡಿದವರನ್ನೂ ಕೇಳುವುದಿಲ್ಲ. ಎದುರಾಳಿಗಳನ್ನು ಹುಡುಕಿಕೊಂಡು ಹೋಗುತ್ತಾರೆ.

"ಜೊತೆಗಾರರು ಹೊಗಳ್ತಾರೆ, ಇಲ್ಲಾ ಹಳೇ ಜಗಳ ತೆಗೀತಾರೆ. ಎದುರಾಳಿ ಬಾಯಲ್ಲಿ ಏನಾದ್ರೂ ಹೇಳ್ಲಿ, ಮೈ ಸುಳ್ಳು ಹೇಳಲ್ಲ. ನಲವತ್ತು ವರ್ಷ ಆದ್ಮೇಲೂ ಭುಜ ಅದೇ ಕಡೆ ವಾಲುತ್ತೆ" ಎನ್ನುತ್ತಾರೆ, ಮೆಟ್ಟಿಲನ್ನು ಎರಡೆರಡಾಗಿ ಇಳಿಯುತ್ತ. ಬೆಳಗ್ಗೆ ಏಳರೊಳಗೆ ದಿನಕ್ಕೆ ನಾಲ್ಕು ಫೋನು. "ಹಳೇ ಆಟಗಾರರೆಲ್ಲ ಐದಕ್ಕೇ ಎದ್ದಿರ್ತಾರೆ. ಮೊಣಕಾಲು ಮಲಗೋಕೆ ಬಿಡಬೇಕಲ್ಲ."

ಇಷ್ಟು ಹುಷಾರಾಗಿದ್ದವರು ಒಬ್ಬರ ವಿಷಯದಲ್ಲಿ ಎಡವಿದರು. ಎಂಟನೇ ನಂಬರಿನ ಅಂಗಿ ತೊಟ್ಟು ಆಡುತ್ತಿದ್ದ ಅವರನ್ನು ಇಲ್ಲಿ 'ಎಂಟು' ಎಂದೇ ಕರೆಯೋಣ. ಮೂರು ವರ್ಷದ ಹಿಂದೆ ಅವರನ್ನು ಪಟ್ಟಿಗೆ ಸೇರಿಸುವಾಗ ಸಮಯ ಕಡಿಮೆಯಿತ್ತು, ಹನ್ನೊಂದು ನಿಮಿಷದ ಒಂದು ಟೇಪಿತ್ತು. ಅದರಲ್ಲಿ ಅವರು ಚೆಂಡನ್ನೆಲ್ಲ ಬಲಗಾಲಲ್ಲೇ ಒದೆಯುತ್ತಿದ್ದರು. ಅಂಕದಕ್ಕ ಬಲಗಾಲಿಗೆ ತೊಂಬತ್ತೊಂದು, ಎಡಗಾಲಿಗೆ ಇಪ್ಪತ್ತು ಹಾಕಿ ಮುಂದಕ್ಕೆ ಹೋದರು. ಯಾರೂ ಚಕಾರವೆತ್ತಲಿಲ್ಲ. ಎಂಟರ ಆಟ ಕಂಡವರು ಈ ಗೇಮ್ ಆಡುವುದಿಲ್ಲ. ಗೇಮ್ ಆಡುವವರು ಎಂಟರ ಆಟ ಕಂಡಿಲ್ಲ.

ನಾಲ್ಕು ದಿನದ ಹಿಂದೆ ಒಬ್ಬ ಗೋಲ್‌ಕೀಪರ್ ಬಗ್ಗೆ ಕೇಳಲು ಗೇಟಿಗೆ ಫೋನ್ ಮಾಡಿದಾಗ, ಅವರು ಮಾತಿನ ಮಧ್ಯೆ "ಆ ಎಂಟು ನನ್ನ ಬಲಗಡೆಯಿಂದ ನುಗ್ಗಿ ನುಗ್ಗಿ ಪ್ರಾಣ ತಿಂದ" ಅಂದುಬಿಟ್ಟರು. ಎದುರಾಳಿಯ ಬಲಗಡೆ ಅಂದರೆ ಎಂಟರ ಎಡಗಡೆ, ಎಡಗಾಲಿನವರು ನುಗ್ಗುವ ಕಡೆ. ಫೋನ್ ಇಟ್ಟ ಅಂಕದಕ್ಕನಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

ಅವರ ಕೆಲಸದ ಕೋಣೆಗೆ ಕಿಟಕಿಯಿಲ್ಲ. ಗೋಡೆಯಾಚೆ ಜನರೇಟರ್ ಗುರುಗುಟ್ಟುತ್ತದೆ. ಅಲ್ಲಿ ಅದೇ ಹನ್ನೊಂದು ನಿಮಿಷವನ್ನು ಎರಡು ದಿನ ತಿರುಗಿಸಿ ಮುರುಗಿಸಿ ನೋಡಿದರು. ಉಳಿದ ಆಟಗಾರರ ಬೆನ್ನ ಮೇಲಿನ ನಂಬರುಗಳು ಕಲಸಿಹೋಗಿವೆ. ಸ್ಪಷ್ಟವಾಗಿರುವುದು 8 ಮಾತ್ರ. ಕೊನೆಗೆ ಕಣ್ಣು ನೆಟ್ಟದ್ದು ಆಟಗಾರರ ಮೇಲಲ್ಲ, ರೆಫರಿಯ ಮೇಲೆ. ಅವನು ಚೀಟಿ ತೆಗೆಯಲು ಅಂಗಿಯ ಜೇಬಿಗೆ ಕೈ ಹಾಕುತ್ತಾನೆ. ಜೇಬು ಎದೆಯ ಬಲಗಡೆ ಇದೆ.

"ರೆಫರಿ ಜೇಬು ಯಾವತ್ತೂ ಎಡಗಡೆ. ಹತ್ತೊಂಬತ್ತು ವರ್ಷ ಆ ಜೇಬಿಂದ ಬಂದ ಬೆವರಿನ ಚೀಟಿ ನೋಡಿ ಟೈಪ್ ಮಾಡಿದೋಳು ನಾನು. ನನಗೇ ಕಾಣ್ಲಿಲ್ವಲ್ಲ!" ಎಂದು ಹಣೆ ಬಡಿದುಕೊಳ್ಳುತ್ತಾರೆ.

ಹಳೆಯ ರೀಲನ್ನು ಟೇಪಿಗೆ ಇಳಿಸುವಾಗ ಯಾರೋ ಅದನ್ನು ಮಗುಚಿ ಹಾಕಿದ್ದರು. ಕನ್ನಡಿಯಲ್ಲಿ ನೋಡಿದ ಹಾಗೆ ಇಡೀ ಮೈದಾನ ಅದಲುಬದಲಾಗಿತ್ತು. ಎಂಟನ್ನು ಕನ್ನಡಿಗೆ ಹಿಡಿದರೂ ಎಂಟೇ. ಯಾರಿಗೆ ಗೊತ್ತಾಗಬೇಕು?

ಕಾಲು ಬದಲಿಸಲು ಮೂವರ ಸಾಕ್ಷಿ ಬೇಕೆಂಬುದು ಕಂಪನಿಯ ನಿಯಮ. ಇಬ್ಬರು ನಿನ್ನೆ ಮೊನ್ನೆ ಸಿಕ್ಕರು, ಇಬ್ಬರ ಬಲಭುಜವೂ ವಾಲಿತು. ಗೇಟು ಮೂರನೆಯವರು.

ಆರೂವರೆಗೆ ಮನೆಗೆ ಬಂದ ಅಂಕದಕ್ಕ ನಿಂತುಕೊಂಡೇ ತಿಂಡಿ ತಿನ್ನುತ್ತಾರೆ. ಬಸ್ ಡ್ರೈವರ್ ಗಂಡ ಆಗಲೇ ಡ್ಯೂಟಿಗೆ ಹೋಗಿದ್ದಾರೆ. ಅತ್ತೆ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. "ಯಾರಾದ್ರೂ ಸೊಸೆ ಏನ್ ಮಾಡ್ತಾಳೆ ಅಂದ್ರೆ ಏನ್ ಹೇಳ್ಲಿ? ಬೆಳಗಾದ್ರೆ ಮುದುಕರ ಕಾಲು ನೋಡೋಕೆ ಹೋಗ್ತಾಳೆ ಅನ್ಲಾ?"

"ಅನ್ನಿ ಅತ್ತೆ. ಅದೇ ತಾನೇ ನಿಜ."

"ಕೂತ್ಕೊಂಡು ತಿನ್ನೇ ಮಹರಾಯ್ತಿ. ಹನ್ನೆರಡು ಗಂಟೆ ಎಲ್ಲೂ ಓಡಿ ಹೋಗಲ್ಲ."

"ಅದೇ ಓಡ್ತಿರೋದು ಅತ್ತೆ!"

ಎಂಟೂವರೆಗೆ ಆಫೀಸಿನ ಮುಖ್ಯಸ್ಥರ ಫೋನು. ವಯಸ್ಸಿನಲ್ಲಿ ಚಿಕ್ಕವರು, ಮಾತು ಮೃದು. "ಅಕ್ಕಾ, ಈ ವರ್ಷ ಬಿಟ್ಬಿಡಿ. ಯಾರೂ ಕೇಳಿಲ್ಲವಲ್ಲ."

"ಅದಕ್ಕೇ ಕಣಪ್ಪಾ ಹೊಟ್ಟೆ ಉರಿಯೋದು."

"ಸರಿ, ಅದಲುಬದಲು ಮಾಡಿ ಮುಗಿಸಿ. ಎಡಕ್ಕೆ ತೊಂಬತ್ತೊಂದು, ಬಲಕ್ಕೆ ಇಪ್ಪತ್ತು. ಕಾರಣ ಅನ್ನೋ ಕಡೆ 'ಹೊಸ ಮಾಹಿತಿ' ಅಂತ ಹಾಕಿ, ಎಲ್ಲರೂ ಹಾಕೋ ಹಾಗೆ. ತಪ್ಪು ಅಂತ ಬರೆದ್ರೆ ನಿಮ್ಮ ಹೆಸರಿಗೆ ಬರುತ್ತೆ. ಟೇಪು ನೋಡಿ ತಾನೇ ಅಂಕ ಹಾಕೋ ಯಂತ್ರ ತರಿಸಬೇಕು ಅಂತ ಮೇಲಿನವರು ಮೊದಲೇ ಕಾಯ್ತಿದ್ದಾರೆ."

ಅಂಕದಕ್ಕ ಫೋನ್ ಇಡುತ್ತಾರೆ. ಅವರನ್ನು ಕೊರೆಯುತ್ತಿರುವುದು ಆ ಇಪ್ಪತ್ತು. ಅದು ಅವರೇ ಅಂದಾಜಿನಲ್ಲಿ ಹಾಕಿದ ಅಂಕ. ಟೇಪಿನಲ್ಲಿ ಎಂಟು ಆ ಇನ್ನೊಂದು ಕಾಲಿನಿಂದ ಚೆಂಡನ್ನು ಮುಟ್ಟಿಯೇ ಇಲ್ಲ. ಮೂವರು ಸಾಕ್ಷಿಗಳಿಗೂ ಅದರ ನೆನಪಿಲ್ಲ. ಚೌಕ ಖಾಲಿ ಬಿಟ್ಟರೆ ಕಂಪ್ಯೂಟರ್ ಸ್ವೀಕರಿಸುವುದಿಲ್ಲ. ಹೇಳಬಲ್ಲವರು ಒಬ್ಬರೇ ಉಳಿದರು. ಆರು ವರ್ಷದಲ್ಲಿ ಮೊದಲ ಬಾರಿಗೆ ಅಂಕದಕ್ಕ ತಾವು ಅಂಕ ಹಾಕಬೇಕಾದ ಆಟಗಾರನ ಮನೆಗೆ ಹೊರಡುತ್ತಾರೆ.

ಎರಡು ಬಸ್ಸು ಬದಲಿಸಬೇಕು. ಸೀಟು ಖಾಲಿಯಿದ್ದರೂ ಅವರು ಕೂರುವುದಿಲ್ಲ. ನೀರಿನ ಬಾಟಲಿಯ ಚೀಟಿಯನ್ನು ಉಗುರಿನಿಂದ ಎಬ್ಬಿಸಿ, ಹರಿದು, ಚೂರುಗಳನ್ನು ಜೇಬಿಗೆ ತುರುಕುತ್ತಾರೆ. "ಬೈದ್ರೆ ಬೈಯ್ಲಿ. ಬೈಯದೇ ಇದ್ರೇನೇ ಕಷ್ಟ" ಎಂದು ಕಿಟಕಿಗೆ ಹೇಳುತ್ತಾರೆ.

ಹತ್ತೂಮುಕ್ಕಾಲಿಗೆ ಬಾಗಿಲು ತೆರೆಯುವ ಎಂಟಿಗೆ ಎಪ್ಪತ್ತಾರು ವರ್ಷ. ಸಣ್ಣ ಆಳು. ಅಡುಗೆಮನೆಯ ಮೇಜಿಗೆ ಕರೆದೊಯ್ದು, ಟೀ ಕೊಟ್ಟು, ಎಲ್ಲವನ್ನೂ ತಾಳ್ಮೆಯಿಂದ ಕೇಳುತ್ತಾರೆ: ಟೇಪು, ರೆಫರಿಯ ಜೇಬು, ಗೇಟಿನ ಭುಜ. ಅಂಕದಕ್ಕ "ತಪ್ಪು ನಂದು ಸಾರ್" ಎಂದು ಮುಗಿಸಿದಾಗ ಅವರು ಬಗ್ಗಿ ತಮ್ಮ ಪಾದಗಳನ್ನು ನೋಡಿಕೊಳ್ಳುತ್ತಾರೆ.

"ಹಾಗಾದ್ರೆ ಎಡಗಾಲೇ, ಅಲ್ವೇನಮ್ಮಾ?"

"ಹೌದು ಸಾರ್. ನಿಮಗೆ ಗೊತ್ತಿಲ್ವಾ?"

"ಗೊತ್ತಿತ್ತು. ಆಮೇಲೆ ಮೊಮ್ಮಗಳು ಈ ಗೇಮು ತೋರಿಸಿದ್ಲು. ಅಷ್ಟು ದೊಡ್ಡ ಕಂಪನಿ, ಎಲ್ಲಾ ನೋಡೇ ಮಾಡಿರ್ತಾರೆ. ನನಗೇ ವಯಸ್ಸಾಯ್ತು, ಮರೆತಿರಬೇಕು ಅಂದ್ಕೊಂಡೆ. ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಬಲಗಾಲಲ್ಲಿ ಸೋಪು ಒದ್ದು ನೋಡಿದೀನಿ."

ಪಾತ್ರೆ ತೊಳೆಯುತ್ತಿದ್ದ ಹೆಂಡತಿ ತಿರುಗುತ್ತಾರೆ. "ಸೋಪು ಹೇಗೆ ಮುರೀತಿತ್ತು ಅಂತ ಈಗ ಗೊತ್ತಾಯ್ತು! ಎಡಗಾಲು ಕಣ್ರೀ ಅಂತ ನಾನು ಬಡ್ಕೊಂಡೆ. ನೀನು ನೋಡಿದ್ದೇ ಎರಡು ಮ್ಯಾಚು, ಸುಮ್ನಿರು ಅಂದ್ರು. ಮೂರು ವರ್ಷ ಆಯ್ತಮ್ಮಾ, ಈ ಮನುಷ್ಯ ಮನೇಲಿ ಆಟದ ಮಾತೇ ಎತ್ತಿಲ್ಲ. ಮೊದಲೆಲ್ಲ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು."

ಅಂಕದಕ್ಕ ಕಂಪ್ಯೂಟರ್ ತೆರೆಯುತ್ತಾರೆ. ಗಂಟೆ ಹನ್ನೊಂದೂಕಾಲು. ಎಡಗಾಲು, ತೊಂಬತ್ತೊಂದು. ಇನ್ನು ಬಲಗಾಲು.

"ಎಷ್ಟು ಹಾಕ್ಲಿ ಸಾರ್? ನಿಜ ಹೇಳ್ಬೇಕು."

"ಐವತ್ತು?"

"ಅದ್ರಲ್ಲಿ ಗೋಲು ಹೊಡೆದಿದ್ರಾ?"

"ಒಂದು ಹೊಡೆದಿದ್ದೆ."

"ಯಾವ ಮ್ಯಾಚಲ್ಲಿ?"

"ಅಭ್ಯಾಸದಲ್ಲಿ."

"ಗೋಲ್‌ಕೀಪರ್ ಇದ್ದನಾ?"

ಎಂಟು ಕಿಟಕಿಯ ಕಡೆ ನೋಡುತ್ತಾರೆ. "ನೀರು ಕುಡಿಯೋಕೆ ಹೋಗಿದ್ದ."

ಹೆಂಡತಿ ಬಕೆಟ್ಟಿನ ಮೇಲೆ ಕೈಯೂರಿ ನಗುತ್ತಾರೆ. ಅಂಕದಕ್ಕನಿಗೂ ನಾಲ್ಕು ದಿನದಲ್ಲಿ ಮೊದಲ ನಗು. ಎಂಟು ತಾವೇ ಹೇಳುತ್ತಾರೆ: "ಒಂದು ಹಾಕಮ್ಮಾ. ಬಸ್ ಹತ್ತೋಕೆ ಇದ್ದ ಕಾಲು ಅದು. ಕೋಚು ಅದಕ್ಕೆ ಬೈದಷ್ಟು ಮನೇಲಿ ನನ್ನಪ್ಪನೂ ಬೈದಿಲ್ಲ."

ಒಂದು. ಇಡೀ ಗೇಮಿನಲ್ಲಿ ಇಷ್ಟು ಕಡಿಮೆ ಅಂಕದ ಕಾಲು ಇನ್ನೊಂದಿಲ್ಲ. ಬದಲಾವಣೆಗೆ ಕಾರಣವೇನೆಂದು ಕಂಪ್ಯೂಟರ್ ಕೇಳುತ್ತದೆ. ಅಂಕದಕ್ಕನ ಬೆರಳು ಒಂದು ಗಳಿಗೆ ತಡೆಯುತ್ತದೆ. ಆಮೇಲೆ ಟೈಪಿಸ್ಟ್ ಕೈ ತನ್ನ ಹಳೆಯ ವೇಗದಲ್ಲಿ ಓಡುತ್ತದೆ: 'ಟೇಪು ಮಗುಚಿತ್ತು. ನಾನು ಪರೀಕ್ಷಿಸಲಿಲ್ಲ. ತಪ್ಪು ನನ್ನದು.' ಗುಂಡಿ ಒತ್ತಿದಾಗ ಹನ್ನೊಂದು ಮೂವತ್ತೆಂಟು.

"ಗೇಮಲ್ಲಿ ಗೋಲು ತಪ್ಪಿಸಿದ್ರೆ ಹುಡುಗರು ಬಾಯಿಗೆ ಬಂದ ಹಾಗೆ ಬೈತಾರಂತೆ, ಮೊಮ್ಮಗಳು ಹೇಳ್ತಿದ್ಲು" ಎನ್ನುತ್ತಾರೆ ಎಂಟು, ಪರದೆಯನ್ನೇ ನೋಡುತ್ತ. "ಇಷ್ಟು ದಿನ ಇನ್ಯಾರನ್ನೋ ಬೈತಿದ್ರು. ಇನ್ಮೇಲೆ ನನ್ನನ್ನೇ ಬೈಯ್ಲಿ."

ಅಂಕದಕ್ಕ ಬೀಳ್ಕೊಂಡು ಬೀದಿಗೆ ಬರುವಷ್ಟರಲ್ಲಿ ಒಳಗಿನಿಂದ ಎಂಟರ ದನಿ ಕೇಳುತ್ತಿದೆ. ಯಾವುದೋ ಪಂದ್ಯದ ಎಪ್ಪತ್ತನೇ ನಿಮಿಷ, ಗೇಟು ಬಲಕ್ಕೆ ಬಿದ್ದದ್ದು, ಹೆಂಡತಿ "ಶುರುವಾಯ್ತಪ್ಪಾ" ಅಂದದ್ದು.

ಇಷ್ಟಾದ ಮೇಲಾದರೂ ಅಂಕದಕ್ಕ ನಿಲ್ದಾಣದ ಬೆಂಚಿನಲ್ಲಿ ಕೂರಬಹುದಿತ್ತು. ಕೂರುವುದಿಲ್ಲ. ಎಂಟರ ರೀಲನ್ನು ಮಗುಚಿದ ಕೈಯೇ ಇಳಿಸಿದ ಇನ್ನೂ ಹದಿನೇಳು ಟೇಪುಗಳು ಕಿಟಕಿಯಿಲ್ಲದ ಆ ಕೋಣೆಯಲ್ಲಿವೆ. ಹದಿನೇಳರಲ್ಲೂ ಒಬ್ಬೊಬ್ಬ ಆಟಗಾರ. ಅವರ ಎದುರಾಳಿಗಳ ಪಟ್ಟಿಯನ್ನು ನಿಂತಲ್ಲೇ ಬರೆಯುತ್ತಿದ್ದಾರೆ. ಕೆಲವು ಹೆಸರುಗಳ ಮುಂದೆ ಪ್ರಶ್ನೆಚಿಹ್ನೆ ಹಾಕುತ್ತಾರೆ; ಬದುಕಿದ್ದಾರೋ ಇಲ್ಲವೋ ತಿಳಿಯದು. ಮುಖ್ಯಸ್ಥರ ಫೋನು ಎರಡು ಸಲ ಬಂದಿದೆ, ಎತ್ತಿಲ್ಲ.

ಮುಂದೆ ಏನು ಬೇಕು ನಿಮಗೆ ಎಂದರೆ ಪೆನ್ನು ನಿಲ್ಲಿಸದೆ ಹೇಳುತ್ತಾರೆ:

"ಇವರೆಲ್ಲ ಇನ್ನೊಂದಷ್ಟು ವರ್ಷ ಇರ್ಲಿ, ಅಷ್ಟೆ. ನನ್ನ ತಪ್ಪು ನನಗೆ ತೋರಿಸೋಕೆ ಜನ ಬೇಕಲ್ಲ."