ಆಯಿ ಕೊರಳಾಗಿನ ಸವತಿ

ದುರ್ಗದಬೈಲಿನ್ಯಾಗ ಒಂದು ಸಣ್ಣ ಬೆಳ್ಳಿ ಅಂಗಡಿ ಮುಂದ ಹಾದು ಹೊಂಟಿದ್ದೆ. ಒಳಗೊಬ್ಬ ಅಂಟವಾಳಕಾಯಿ ನೆನೆಹಾಕಿದ ನೀರಾಗ ಕಾಲಗೆಜ್ಜಿ ತಿಕ್ಕಿ ತೊಳ್ಯಾಕತ್ತಿದ್ದ. ಆ ವಾಸನಿ ಮೂಗಿಗೆ ಬಡೀತು ನೋಡ್ರಿ, ಕಾಯಿಪಲ್ಲೆ ಚೀಲ ಹಿಡಕೊಂಡು ನಡು ಹಾದ್ಯಾಗ ನಿಂತುಬಿಟ್ಟೆ. ಹಿಂದ ಸ್ಕೂಟರಿನವ ಹಾರ್ನ್ ಹೊಡದು ಹೊಡದು ಸಾಕಾಗಿ, ಬೈದು ಹೋದ. ಬೈಲಿ ಬಿಡ್ರಿ. ಆ ಹೊತ್ತಿಗೆ ನಾ ಹುಬ್ಬಳ್ಳ್ಯಾಗ ಇರಲೇ ಇಲ್ಲ, ನಮ್ಮ ಹಳ್ಳಿ ಮನ್ಯಾಗ ಬಾಗಲ ಸಂದಿಗೆ ಕಣ್ಣಿಟ್ಟು ನಿಂತಿದ್ದೆ…

ನಮ್ಮ ಆಯಿ, ಅಂದ್ರ ನಮ್ಮಪ್ಪನ ತಾಯಿ, ಪ್ರತಿ ಅಮವಾಸಿಗೆ ಅಂಟವಾಳಕಾಯಿ ನೀರಾಗ ತನ್ನ ಬೆಳ್ಳಿ ಬಂಗಾರ ತೊಳೀತಿದ್ಳು. ಬಳಿ, ಉಂಗುರ, ಕಾಲುಂಗುರ ಎಲ್ಲಾ ಅಂಗಳದಾಗ, ಮಂದಿ ಮುಂದ. ಒಂದು ಸಾಮಾನು ಮಾತ್ರ ಅಡಿಗಿ ಮನಿ ಬಾಗಲಾ ಹಾಕ್ಕೊಂಡು ತೊಳೀತಿದ್ಳು. ಅದು ತಾಳಿ ಜೋಡಿ ಕೊರಳಾಗ ಕಟ್ಟಿಕೊಂಡ ಒಂದು ಬೆಳ್ಳಿ ಬಿಲ್ಲಿ, ಹೆಬ್ಬಟ್ಟಿನ ಉಗುರಿನಷ್ಟು. ಅದರ ಮ್ಯಾಲ ಒಂದು ಹೆಣ್ಣಿನ ಆಕಾರ ಕೊರದಿದ್ರು. ಕೈ ಹಚ್ಚಾಕ ಹೋದ್ರ ಆಯಿ ನನ್ನ ಬೆರಳಿಗೆ ಪಟ್ಟಂತ ಹೊಡೀತಿದ್ಳು. ಬ್ಯಾರೇದಕ್ಕ ಎಂದೂ ಕೈ ಎತ್ತಿದಾಕಿ ಅಲ್ಲ. ಹಂಗಾಗೇ ನನಗ ಸಂಶೇ ಬಂತು.

ಆ ಸಂಶೇಕ್ಕ ತುಪ್ಪಾ ಸುರದಾಕಿ ಮಗ್ಗಲ ಮನಿ ಮುದುಕಿ. ಆಕಿ ಬಾಯಾಗ ಅಡಕಿ ನಿಲ್ಲತಿತ್ತು, ಮಾತು ನಿಲ್ಲತಿರಲಿಲ್ಲ. ನಮ್ಮ ಕಡೆ, ಮೊದಲ ಹೆಂಡ್ತಿ ಸತ್ತು ಎರಡನೇದಾಕಿ ಮನಿಗೆ ಬಂದ್ರ, ಸತ್ತಾಕಿ ಆಕಾರದ ಬಿಲ್ಲಿ ಮಾಡಿಸಿ ಹೊಸಾ ಹೆಂಡ್ತಿ ಕೊರಳಿಗೆ ಕಟ್ಟತಾರ. ಆಮ್ಯಾಲ ಕುಂಕುಮ ಹಚ್ಚಿಕೊಳ್ಳೂ ಮುಂದ ಮೊದಲು ಆ ಬಿಲ್ಲಿಗೆ ಹಚ್ಚಬೇಕು. ಹೊಸಾ ಸೀರಿ ಉಡೂ ಮುಂದ ಮೊದಲು ಅದರ ಮುಂದ ಇಡಬೇಕು. ಇಲ್ಲಂದ್ರ ಸವತಿ ಕಾಡತಾಳ ಅಂತ ನಂಬಿಕಿ. ಇಷ್ಟು ಹೇಳಿ ಮುದುಕಿ ನನ್ನ ಕಿವಿ ಹತ್ರ ಬಂದು, ನಿಮ್ಮಪ್ಪನ್ನ ಹಡದಾಕಿ ಆ ಬಿಲ್ಲ್ಯಾಗಿನಾಕಿ, ಆಯಿ ಅಲ್ಲ ಅಂದ್ಳು. ಕೂಸು ಇನ್ನೂ ಮೊಲಿ ಕುಡಿಯೋ ಹೊತ್ತಿನ್ಯಾಗ ಆಕಿ ಸತ್ಳಂತ. ಹ್ಯಾಂಗ ಸತ್ಳು? ತವರಿಗೆ ಹೋಗಿ ಬ್ಯಾನಿ ಬಂದು ಸತ್ಳು ಅಂತ ಹೇಳಿದ್ರಂತ. ಮಣ್ಣು ಕೊಟ್ಟವರನ್ನ ಮಾತ್ರ ಊರಾಗ ಯಾರೂ ನೋಡಿಲ್ಲಂತ.

ಮುದುಕಿ ಅಷ್ಟಕ್ಕ ಬಿಡಲಿಲ್ಲ. ನಿಮ್ಮ ಆಯಿ ಆ ಬಿಲ್ಲಿಗೆ ಒಂದು ದಿವಸನೂ ಕುಂಕುಮ ಹಚ್ಚಂಗಿಲ್ಲ, ಯಾಕ ಹಚ್ಚಂಗಿಲ್ಲ ವಿಚಾರ ಮಾಡು ಅಂದ್ಳು.

ನಾ ವಿಚಾರ ಮಾಡಿದೆ. ಬ್ಯಾರೆ ಕೆಲಸ ಏನಿತ್ತು? ಆಯಿ ಕುಂಕುಮ ಹಚ್ಚಿಕೊಳ್ಳೂ ಮುಂದ ಹೋಗಿ ಎದುರಿಗೆ ಕೂಡತಿದ್ದೆ. ಖರೇನs, ತನ್ನ ಹಣಿಗೆ ಹಚ್ಚಿಕೊಂಡು ಬೆರಳು ಒರಸಿಕೊಂಡು ಎದ್ದುಬಿಡತಿದ್ಳು. ಹೊಸಾ ಸೀರಿ ಬಂದ್ರ ಮಡಿಕಿ ಬಿಚ್ಚಿ ನೇರ ಉಡತಿದ್ಳು. ಸತ್ತಾಕಿ ಅಂಜಿಕಿ ಇಲ್ಲದಾಕಿ ಅಂದ್ರ ಎಂಥಾಕಿ? ನಾ ಆಯಿ ಮಗ್ಗಲದಾಗ ಮಲಕೊಂಡು ಬೆಳದಾಕಿ. ಆಕಿ ಕೈಯಾಗಿನ ರೊಟ್ಟಿ, ಬೆಣ್ಣಿ ತಿಂದಾಕಿ. ಆ ಕೈನೇ ನಮ್ಮಪ್ಪನ ತಾಯಿನ್ನ ಏನರ ಮಾಡಿತ್ತೇನು ಅಂತ ಒಂದು ಪ್ರಶ್ನಿ ಹೊಟ್ಟ್ಯಾಗ ಕೂತುಬಿಡ್ತು. ಕೇಳಾಕ ಬಾಯಿ ಬರಲಿಲ್ಲ. ಅಜ್ಜನ್ನ ಕೇಳೂ ಮಾತs ಇಲ್ಲ. ಅಂವ ಕಟ್ಟಿ ಮ್ಯಾಲ ಕೂತು ತಂಬಾಕ ತಿಕ್ಕತಿದ್ರ ನಾಯಿ ಸುದ್ದಾ ದೂರ ಹಾದು ಹೋಗತಿತ್ತು.

ಇನ್ನೊಂದಿತ್ತು. ನಮ್ಮಪ್ಪ ಹುಬ್ಬಳ್ಳ್ಯಾಗ ಒಂದು ಕಾಳಿನ ಅಂಗಡ್ಯಾಗ ಗುಮಾಸ್ತ, ದಿನಾ ಬಸ್ಸಿಗೆ ಹೋಗಿ ಬರತಿದ್ದ. ಆಯಿನೂ ಆಗಾಗ ಬಳಿ ಇಡಿಸಿಕೊಂಡು ಬರತೇನಿ ಅಂತ ಹುಬ್ಬಳ್ಳಿಗೆ ಹೋಗತಿದ್ಳು. ಆದ್ರ ಅಪ್ಪನ ಅಂಗಡಿ ಸೂಟಿ ಇದ್ದು, ಅಂವ ಹೊಲಕ್ಕ ಹೋದ ದಿವಸ ನೋಡೇ ಹೋಗತಿದ್ಳು. ಮಗನ ಜೋಡಿ ಹೋದ್ರ ಬಸ್ಸಿನ್ಯಾಗ ಜಾಗಾ ಹಿಡದು ಕೊಡತಿದ್ದ, ಚಹಾ ಕುಡಿಸತಿದ್ದ. ಅದನ್ನ ಬಿಟ್ಟು ಒಬ್ಬಾಕೆ ಯಾಕ ಹೋಗಬೇಕು? ತಿರುಗಿ ಬಂದಾಗ ಎಷ್ಟೋ ಸಲ ಕೈಯಾಗ ಹಳೀ ಬಳೀನ ಇರತಿದ್ವು.

ಒಂದು ಸಲ ಮಾತ್ರ ಅಪ್ಪ ಅಂಗಡಿಗೆ ಹೋದ ದಿವಸನs ಹೋದಾಕಿ ಇಳಿಹೊತ್ತಿಗೆ ಬಂದ್ಳು. ಹೊಸ್ತಲಾ ದಾಟಲಿಲ್ಲ. ಅಂಗಳದಾಗ ನಿಂತು ನಮ್ಮವ್ವನ್ನ ಕರದು ನೀರು ತರಿಸಿ, ಉಟ್ಟ ಸೀರಿ ಮ್ಯಾಲೇ ತಲಿಮ್ಯಾಲ ಸುರಕೊಂಡ್ಳು. ಮಣ್ಣಿಗೆ ಹೋಗಿ ಬಂದವರು ಮಾಡತಾರಲ್ಲ, ಹಂಗ. ಯಾರು ಸತ್ರು ಅಂತ ನಮ್ಮವ್ವ ಕೇಳಿದ್ಳು. ಗುರತಿನಾಕಿ ಒಬ್ಬಾಕಿ ಅಂದ್ಳು, ಅಷ್ಟs. ಮರುದಿವಸ ಮುಂಜಾನೆ ನಾ ನನ್ನ ಜಾಗಾದಾಗ ಕೂತು ನೋಡತೇನಿ, ಆಯಿ ಬೆರಳಿಗೆ ಕುಂಕುಮ ತಗೊಂಡು ಮೊದಲು ಬಿಲ್ಲಿಗೆ ಹಚ್ಚಿದ್ಳು. ಅವತ್ತಿನಿಂದ ಒಂದು ದಿವಸನೂ ತಪ್ಪಿಸಲಿಲ್ಲ. ಮಾಡಿದ್ದು ಈಗ ಕಾಡಾಕ ಹತ್ತೇತಿ ಅಂತ ಮಗ್ಗಲ ಮನಿ ಮುದುಕಿ ತೀರ್ಪು ಕೊಟ್ಟಳು. ನನಗೂ ಹಂಗs ಅನಿಸ್ತು.

ಅಜ್ಜ ಸತ್ತಾಗ ತಾಳಿ ಜೋಡಿ ಆ ಬಿಲ್ಲಿನೂ ಹೋತು. ಕೆಲವು ವರ್ಷಕ್ಕ ಆಯಿನೂ ಹೋದ್ಳು… ನಾ ಲಗ್ನಾಗಿ ಹುಬ್ಬಳ್ಳಿ ಕೇಶ್ವಾಪುರಕ್ಕ ಬಂದೆ, ಮಕ್ಕಳಾದ್ವು, ಮೊಮ್ಮಕ್ಕಳಾದ್ವು. ಅಪ್ಪನ ಮುಂದ ಮಾತು ತಗೀಲಿಲ್ಲ. ಅಂವ ಇರುವಿ ಸುದ್ದಾ ತುಳಿಯದ ಮನಿಷಾ. ಅಂಗಳದಾಗ ಕಾಳು ಒಣಹಾಕಿದ್ರ ಗುಬ್ಬಿ ಓಡಸಂಗಿಲ್ಲ, ತಿನ್ಲಿ ಅಂತಿದ್ದ. ಅಂಥಾವಗ ನಿಮ್ಮವ್ವನ್ನ ಕೊಂದ್ರೇನು ಅಂತ ಹ್ಯಾಂಗ ಕೇಳೂದು?

ಹೋದ ವರ್ಷ ಅಪ್ಪನೂ ತೀರಿದ. ಇನ್ನ ಯಾರಿಗೆ ನೋವಾಗಬೇಕು ಅಂತ ನಾ ಊರಿಗೆ ಹೋದೆ. ಬಿಲ್ಲ್ಯಾಗಿನಾಕಿ ಹ್ಯಾಂಗ ಸತ್ಳು ಅಂತ ಮಂದಿನ್ನ ಕೇಳಿದೆ, ಆಕಿ ಹೆಸರು ಸೈತ ನನಗ ಗೊತ್ತಿರಲಿಲ್ಲ. ಒಬ್ಬರು ಭಾವಿಗೆ ಬಿದ್ಳು ಅಂದ್ರು, ಒಬ್ಬರು ಹಾವು ಕಡೀತು ಅಂದ್ರು, ಇನ್ನೊಬ್ಬರು ಅಂಥಾಕಿ ಇರಲೇ ಇಲ್ಲ ಅಂದ್ರು. ಇಷ್ಟು ನಮೂನಿ ಸಾವು ಒಬ್ಬಾಕಿಗೆ ಬರತಾವೇನ್ರಿ? ಸಿಟ್ಟು ಬಂದು ನೇರ ಧಾರವಾಡಕ್ಕ ನಮ್ಮತ್ತಿ ಕಡೆ ಹೋದೆ. ಅತ್ತಿ ಅಂದ್ರ ಅಪ್ಪನ ತಂಗಿ, ಆಯಿ ಹೊಟ್ಟಿಯೊಳಗ ಹುಟ್ಟಿದಾಕಿ. ಕುಂದರಲೂ ಇಲ್ಲ, ನಿಂತಲ್ಲೇ ಕೇಳಿಬಿಟ್ಟೆ. ಆಕಿನ್ನ ನಮ್ಮ ಆಯಿ ಏನ್ ಮಾಡಿದ್ಳು, ಖರೇ ಹೇಳ್ರಿ ಅಂದೆ.

ಅತ್ತಿ ನನ್ನ ಮಾರಿ ನೋಡಿದ್ಳು. ಸಂಶೇದ ಹುಳಾ ನೀ, ಸಣ್ಣಾಕಿ ಇದ್ದಾಗಿಂದ, ಅಂದ್ಳು. ಆಮ್ಯಾಲ ಹೇಳಿದ್ಳು.

ಆಕಿ ಸತ್ತಿರಲೇ ಇಲ್ಲ. ಅಜ್ಜನ ಕೈ ಭಾರ. ಹೊಡತಾ ತಿಂದು ತಿಂದು ಸಾಕಾಗಿ, ಹತ್ತಿ ಖರೀದಿಗೆ ಬರೂ ಒಬ್ಬನ ಜೋಡಿ ಹುಬ್ಬಳ್ಳಿಗೆ ಹೋಗಿಬಿಟ್ಟಿದ್ಳು, ಕೂಸು ತೊಟ್ಲದಾಗ ಬಿಟ್ಟು. ಮರ್ಯಾದಿ ಹೋಗತೈತಿ ಅಂತ ಮನಿಯವರು ಸತ್ಳು ಅಂತ ಊರಿಗೆ ಹೇಳಿದ್ರು. ಸುಳ್ಳು ಗಟ್ಟಿ ಆಗಬೇಕಲ್ಲ, ಬಿಲ್ಲಿ ಮಾಡಿಸಿ ಹೊಸಾ ಹೆಂಡ್ತಿ ಕೊರಳಿಗೆ ಕಟ್ಟಿದ್ರು. ಆಯಿಗೂ ಏನೂ ಗೊತ್ತಿಲ್ಲ. ಮೊದಮೊದಲು ದಿನಾ ಕುಂಕುಮ ಹಚ್ಚತಿದ್ಳಂತ. ಒಂದು ದಿವಸ ದುರ್ಗದಬೈಲಿನ್ಯಾಗ ಬಳಿ ಇಡಿಸಿಕೊಳ್ಳಾಕ ಕೂತಾಗ, ಮಗ್ಗಲದಾಗ ಕೂತಾಕಿ ಊರು ಕೇಳಿ, ಮನಿ ಕೇಳಿ, ಕೊರಳಾಗಿನ ಬಿಲ್ಲಿನ್ನs ದಿಟ್ಟಿಸಿ ನೋಡಿದ್ಳಂತ. ಕಡೀಕ ಅಂದ್ಳಂತ,

"ಯವ್ವಾ, ಅದು ನಾನs. ನಾ ಇನ್ನೂ ಅದೇನಿ."

ಜೀವಂತ ಇದ್ದಾಕಿಗೆ ಸತ್ತಾಕಿ ಕುಂಕುಮ ಹ್ಯಾಂಗ ಹಚ್ಚೂದು? ಅವತ್ತs ಆಯಿ ನಿಲ್ಲಿಸಿದ್ಳು. ಗಂಡಗ ಹೇಳಿದ್ರ ಇಬ್ಬರ ಜೀವಕ್ಕೂ ಸಂಚಕಾರ, ಅದಕ್ಕ ಬಾಯಿ ಮುಚ್ಚಿಕೊಂಡ್ಳು. ಹುಬ್ಬಳ್ಳಿಗೆ ಹೋದಾಗೊಮ್ಮೆ ಮಗನ ಸುದ್ದಿ ಆಕಿಗೆ ಮುಟ್ಟಿಸಿ ಬರತಿದ್ಳು.

ನನಗ ಅಳು ಬಂತು, ಸಿಟ್ಟೂ ಬಂತು. ಸುದ್ದಿ ಯಾಕ, ಮಗನ್ನೇ ಕರಕೊಂಡು ಹೋಗಬಾರದಾಗಿತ್ತೇನು ಅಂತ ಅತ್ತಿಗೆ ಜೋರು ಮಾಡಿದೆ. ಮಗ ಕೈ ಬಿಟ್ಟು ಹೋಗತಾನಂತ ಅಂಜಿ ಮುಚ್ಚಿಟ್ಟಳು, ಹೌದಲ್ರಿ ಅಂದೆ. ನನ್ನ ಸಂಶೇ ಅಲ್ಲಿಗೂ ಸತ್ತಿರಲಿಲ್ಲ ನೋಡ್ರಿ.

"ಕರಕೊಂಡು ಹೋಗಿದ್ಳು ನನ್ನವ್ವಾ," ಅಂದ್ಳು ಅತ್ತಿ. "ಅಣ್ಣನ ಲಗ್ನದ ಸಂತಿ ಮಾಡಾಕ ಹೋದಾಗ ಆಕಿ ಮನಿಗೆ ಕರಕೊಂಡು ಹೋಗಿ ಕಾಲಿಗೆ ಬೀಳು ಅಂದ್ಳು. ಬಿದ್ದ. ಹೊರಗ ಬಂದ ಮ್ಯಾಲ ನಿನ್ನ ಹಡದಾಕಿ ಅಂತ ಹೇಳಿದ್ಳು. ಆಕಿ ಸತ್ತಾಳ, ಇನ್ನೊಮ್ಮೆ ಆ ಮನಿ ಹತ್ತಿದ್ರ ನಾನೂ ನಿನ್ನ ಪಾಲಿಗೆ ಸತ್ತಂಗ ಅಂದ ನಿಮ್ಮಪ್ಪ."

ಹಂಗಾಗಿ ಆಯಿ ಕದ್ದು ಹೋದ್ಳು, ಮಗನ ಕಣ್ಣು ತಪ್ಪಿಸಿ. ಕಡೇ ಜಡ್ಡಿನ್ಯಾಗ ಆಕಿ ಒಮ್ಮೆ ಮಗನ್ನ ನೋಡಬೇಕು ಅಂದಾಗ, ಆಯಿ ಅಪ್ಪನ ಅಂಗಡಿಗೆ ಆಳು ಕಳಿಸಿದ್ಳಂತ. ಅಪ್ಪ ಕಾಳು ತೂಗಸಾಕತ್ತಿದ್ದ. ಕೆಲಸೈತಿ ಅಂತ ಹೇಳಿ ಕಳಿಸಿದ. ಅಂಗಡಿಯಿಂದ ಆ ಮನಿಗೆ ಒಂದು ಬೀಡಿ ಸೇದೂದರಾಗ ಮುಟ್ಟಬಹುದಾಗಿತ್ತು ಅಂದ್ಳು ಅತ್ತಿ. ಮಗ ಹಾಕಬೇಕಾದ ಹಿಡಿ ಮಣ್ಣು ಆಯಿನs ಹಾಕಿ ಬಂದ್ಳು.

ಹೆಸರೂ ಕೇಳಿದೆ. ಅತ್ತಿಗೆ ನೆನಪಾಗಲಿಲ್ಲ. ಆಯಿ ಅಕ್ಕ ಅಂತಿದ್ಳು, ನಾವೂ ಅಷ್ಟs ಕೇಳಿದ್ದು ಅಂದ್ಳು… ಹೆಸರು ಬಲ್ಲವರು ಯಾರೂ ಉಳಿದಿಲ್ಲ. ಆಯಿ ಇದ್ದಿದ್ರ ಆಕಿ ಕಾಲ ಹತ್ರ ಕುಂದ್ರತಿದ್ದೆ. ಅಪ್ಪ ಇದ್ದಿದ್ರ ಏನ್ ಮಾಡತಿದ್ದೆ, ನನಗs ತಿಳೀವಲ್ದು.

ದುರ್ಗದಬೈಲಿನಿಂದ ಮನಿಗೆ ಬಂದು ಚೀಲ ಇಳಿಸಿದೆ. ನಡುಮನ್ಯಾಗ ಅಪ್ಪನ ಫೋಟೋ ಐತಿ, ವಿಭೂತಿ ಹಚ್ಚಿಕೊಂಡು ಶಾಂತ ನಗತಾನ. ದಿನಾ ಹೂವು ಏರಸತೇನಿ, ಅದನ್ನೇನು ಬಿಟ್ಟಿಲ್ಲ. ಮಾರಿ ಮಾತ್ರ ನೋಡಂಗಿಲ್ಲ.