ವಿಮಾನ ಊಟಕ್ಕೆ ನಿಲ್ಲುವುದಿಲ್ಲ

‘ಎಷ್ಟೊತ್ತಿಗೆ ಮುಟ್ತೀವಿ?’ ಎಂದು ಯಾರಾದರೂ ಕೇಳಿದರೆ ನನಗೆ ಒಳಗೊಳಗೇ ಹಿಗ್ಗು. ಏಳನೇ ತರಗತಿ ದಾಟದ ನನಗೆ ಬರುವ ವಿದ್ಯೆ ಅದೊಂದೇ. ಕೊಟ್ಟೂರಿನಿಂದ ಹರಪನಹಳ್ಳಿಗೆ, ಹಡಗಲಿಗೆ, ಒಮ್ಮೊಮ್ಮೆ ಮೈಲಾರಕ್ಕೆ ಟೆಂಪೊ ಓಡಿಸಿ ಕಲಿತದ್ದು. ಈ ಲೆಕ್ಕದಲ್ಲಿ ಕಿಲೋಮೀಟರಿನ ಪಾಲು ಕಡಿಮೆ. ಜನ ತುಂಬುವವರೆಗೆ ನಿಲ್ಲಬೇಕು. ನಡುವೆ ಚಹಾ ಕುಡಿಯಬೇಕು. ಮೇಲೆ ಹೇರಿದ ಮೂಟೆ ಇಳಿಸಬೇಕು. ಅರ್ಧ ದಾರಿಯಲ್ಲಿ ಯಾರೋ ಒಬ್ಬಳು ಚೀಲ ಮರೆತೆನೆಂದು ಕೂಗುತ್ತಾಳೆ, ಅದಕ್ಕೂ ಹೊತ್ತು ಎತ್ತಿಡಬೇಕು.

ನಮ್ಮ ಓಣಿಗೆ ಈ ಲೆಕ್ಕದ ಮೇಲೆ ಭಾರಿ ನಂಬಿಕೆ. ಯಾರಾದರೂ ಸತ್ತರೆ, ದೂರದ ನೆಂಟರು ಎಷ್ಟೊತ್ತಿಗೆ ಬಂದಾರು ಎಂದು ನಾನು ಹೇಳಿದ ಮೇಲೆಯೇ ಮಣ್ಣು ಮಾಡುವ ಹೊತ್ತು ಗೊತ್ತಾಗುತ್ತಿತ್ತು.

ಅವ್ವ ತೀರಿಕೊಂಡ ಬೆಳಿಗ್ಗೆ ಬೂತಿಗೆ ಹೋಗಿ ತಂಗಿ ರೇಣುಕಾಗೆ ಫೋನ್ ಮಾಡಿದೆ. ಅವಳು ದುಬೈಯಲ್ಲಿ ನರ್ಸ್.

“ಅಣ್ಣಾ, ಈಗ ಹೊಂಡ್ತೀನಿ” ಎಂದು ಅತ್ತಳು.

“ಗಡಿಬಿಡಿ ಮಾಡಬ್ಯಾಡವ್ವ. ಮೂರನೇ ದಿನ ಹಾಲು-ತುಪ್ಪ ಬಿಡಾಕ ಬಂದ್ರ ಸಾಕು” ಎಂದೆ.

ಎಷ್ಟೊತ್ತಿಗೆ ಬರುತ್ತೀ ಎಂದು ಕೇಳಲೇ ಇಲ್ಲ. ಊರಿಗೆಲ್ಲ ಅದನ್ನು ಹೇಳುವವನು ನಾನು. ತಂಗಿಯ ಬಾಯಿಂದ ಕೇಳಿ ತಿಳಿಯುವುದೇ?

ಓಣಿಯ ಹಿರಿಯ ಹನುಮಂತಜ್ಜ ಬಂದು ಕೂತ. “ಮಗಳು ಬರೂತನಕ ಇಡೂಣೇನಲೇ? ರಾತ್ರಿಯೆಲ್ಲ ಭಜನಿ ಮಾಡ್ತೀವಿ, ನಮಗೇನು ಬ್ಯಾಸರಿಲ್ಲ.”

“ಸಮುದ್ರ ದಾಟಿ ಬರಬೇಕಜ್ಜ ಆಕಿ. ಮೂರು ದಿನ ಬೇಕು.”

“ಇಮಾನ ಭಾಳ ಜೋರ್ ಹೊಕ್ಕೈತಂತಲ್ಲೋ?”

“ಜೋರ್ ಹೋದ್ರೇನು, ಮಂದಿ ತುಂಬಬೇಕಲ್ಲ! ನಡುವಿ ಊಟಕ್ಕ ಬ್ಯಾರೆ ನಿಲ್ಲಸ್ತಾರ.”

ಯಾರೂ ನಗಲಿಲ್ಲ. ಹೊತ್ತು ಮುಳುಗುವ ಮುಂಚೆ ಅವ್ವನನ್ನು ಮಣ್ಣು ಮಾಡಿ ಬಂದೆವು.

ನನ್ನ ತಪ್ಪಿಗೆ ಪುರಾಣದ ಆಧಾರವೂ ಇತ್ತೆನ್ನಿ. ಲಂಕೆಯಿಂದ ಹೊರಟ ವಿಮಾನ ನಡುವೆ ಒಂದೂರಲ್ಲಿ ಹೆಂಗಸರನ್ನು ಹತ್ತಿಸಿಕೊಂಡು, ಋಷಿಯ ಆಶ್ರಮದಲ್ಲಿ ಇಳಿದು, ಆಮೇಲೆ ಊರು ಸೇರಿತ್ತು. ಬಯಲಾಟದಲ್ಲಿ ಅದನ್ನು ನೋಡಿದಾಗ, ಡ್ರೈವರ್ ನಮ್ಮ ಕಡೆಯವನೇ ಇರಬೇಕು ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಅಂಗಳ ಸಾರಿಸುತ್ತಿದ್ದ ನನ್ನ ಹೆಂಡತಿ ಕೈ ನಿಲ್ಲಿಸಿ ಎದ್ದಳು. ಬಾಗಿಲಲ್ಲಿ ರೇಣುಕಾ. ಅವ್ವನಿಗೆಂದು ಯಾವಾಗಲೋ ತೆಗೆದಿಟ್ಟಿದ್ದ ಸೀರೆ ಕೈಯಲ್ಲಿತ್ತು. ಅವ್ವನನ್ನು ಕೂರಿಸಿದ್ದ ಪಡಸಾಲೆಯ ಗೋಡೆಯ ಬುಡ ನೋಡಿದಳು. ಅಲ್ಲಿ ದೀಪ ಮಾತ್ರ ಉರಿಯುತ್ತಿತ್ತು.

“ಒಂದು ರಾತ್ರಿ ತಡಿಯಾಕ ಆಗಲಿಲ್ಲೇನಣ್ಣ?”

ನನ್ನ ಬಾಯಿಂದ ಬಂದ ಮಾತು ನೆನೆದರೆ ಈಗಲೂ ನಾಚಿಕೆ. “ವಿಮಾನ ನಡುವಿ ಎಲ್ಲೂ ನಿಲ್ಲಲಿಲ್ಲೇನು?” ಎಂದೆ.

ಅವಳು ಬೈಯಲಿಲ್ಲ. ರೋಗಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು: “ಅದು ಎಲ್ಲಿ ನಿಲ್ಲತೈತಣ್ಣ? ಊಟ ಅದರಾಗ ಕೊಡ್ತಾರ. ಬೆಂಗಳೂರಿಗೆ ನಾಕು ತಾಸು. ಅಲ್ಲಿಂದ ಕೊಟ್ಟೂರಿಗೆ ಬರಾಕ ಬಸ್ಸಿಗೇ ಅದರ ಎರಡರಷ್ಟು ಆತು.”

ಅಂದರೆ ನನ್ನ ತಂಗಿಗೆ ಸಮುದ್ರ ಅಡ್ಡವಾಗಿರಲಿಲ್ಲ. ಅಡ್ಡ ನಿಂತಿದ್ದವನು ನಾನು, ಟೆಂಪೊ ಸಮೇತ. ಆ ಸೀರೆಯನ್ನು ಮೂರನೇ ದಿನ ಅವಳು ಮಣ್ಣಿನ ಮೇಲೆಯೇ ಹೊದಿಸಿದಳು.

ಸತ್ತ ಮನೆಯವರು ಈಗಲೂ ನನ್ನನ್ನು ಕೇಳಲು ಬರುತ್ತಾರೆ. “ಬರೋರಿಗೇ ಫೋನ್ ಹಚ್ಚಿ ಕೇಳ್ರಿ” ಎನ್ನುತ್ತೇನೆ. ಅನುಮಾನಿಸಿದರೆ ನಾನೇ ಟೆಂಪೊದಲ್ಲಿ ಕೂರಿಸಿಕೊಂಡು ಬೂತಿಗೆ ಹೊರಡುತ್ತೇನೆ. ದಾರಿಯುದ್ದಕ್ಕೂ ಜನ ಕೈ ಮಾಡುತ್ತಾರೆ. ಹಿಂದಿನ ಸೀಟೆಲ್ಲ ಖಾಲಿ. ನಿಲ್ಲಿಸುವುದಿಲ್ಲ.