ಹುಲಿಗೆಮ್ಮ ಸೋಸಿದ ನೀರು

ಹುಲಿಗೆಮ್ಮ ಸುಳ್ಳು ಹೇಳಿರಲಿಲ್ಲ. ಹೇಳಿದವನು ನಾನು — ಚಿತ್ತವಾಡ್ಗಿಯ ನಡುಓಣಿಯಲ್ಲಿ, ಹತ್ತು ಜನರ ಎದುರು, ಓದಿದವನೆಂಬ ಮರ್ಯಾದೆ ಹೊದ್ದು ನಿಂತು.

ಆಕೆ ಹಿತ್ತಲಲ್ಲಿ ನೂಲಿಗೆ ಬಣ್ಣ ಹಾಕಿ ಬದುಕುತ್ತಿದ್ದ ಒಂಟಿ ಹೆಂಗಸು. ಬಣ್ಣದ ನೀರು ಚರಂಡಿಗೆ ಬರುತ್ತದೆಂದು ಓಣಿಯವರು ಜಗಳಕ್ಕೆ ನಿಂತಿದ್ದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ನಾನು ದೊಡ್ಡ ಮನುಷ್ಯನಂತೆ ಜಗಳ ಬಿಡಿಸಲು ಹೋದೆ. ಹಂಪಿಯ ತೋಟಗಳಲ್ಲಿ ಗೊನೆ ಕಡಿದ ಮೇಲೆ ಬಿಸಾಡುವ ಬಾಳೆದಿಂಡನ್ನು ತಂದು, ಒಣಗಿಸಿ, ಪುಡಿ ಮಾಡಿ ಒಂದು ಡ್ರಮ್ಮಿಗೆ ತುಂಬಿಕೊಟ್ಟೆ. ಮೇಲೆ ಕೆಂಪು ನೀರು ಸುರಿದರೆ ಕೆಳಗೆ ತಿಳಿನೀರು. ಪೇಪರಿನಲ್ಲಿ ನನ್ನ ಫೋಟೋ ಬಂತು. ಆಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ.

ಆದರೆ ಪುಡಿಗೂ ಹೊಟ್ಟೆ ತುಂಬುತ್ತದೆ. ಒಂದಷ್ಟು ಬಣ್ಣ ಹೀರಿದ ಮೇಲೆ ಇನ್ನು ಹೀರದು, ಬದಲಾಯಿಸಬೇಕು — ಪ್ರಯೋಗ ಮಾಡುವಾಗಲೇ ಇದು ನನಗೆ ಗೊತ್ತಾಗಿತ್ತು. ಆಕೆಗೆ ಹೇಳಲಿಲ್ಲ. ‘ವರ್ಷಗಟ್ಟಲೆ ನಡೀತೈತಿ’ ಎಂದು ಎಲ್ಲರೆದುರು ಕೊಚ್ಚಿಕೊಂಡಿದ್ದೆನಲ್ಲ, ಮತ್ತೆ ಯಾವ ಬಾಯಿಂದ...

ತಿಂಗಳೊಳಗೆ ಚರಂಡಿ ಮತ್ತೆ ಕೆಂಪಾಯಿತು. ಓಣಿಯವರು ನನ್ನನ್ನು ಆಕೆಯ ಬಾಗಿಲಿಗೆ ಕರೆಸಿದರು.

“ಪುಡಿ ಕೆಟ್ಟೈತೇನ್ರಿ ಸರ? ಇಲ್ಲಾ ಈಕೀನ ಸೋಸದಂಗ ಚೆಲ್ಲಾಕ ಹತ್ಯಾಳೋ?”

“ನಾ ದಿನಾ ಸೋಸ್ತೀನ್ರಿ. ನೀವರ ಹೇಳ್ರಿ ಸರ,” ಎಂದು ಹುಲಿಗೆಮ್ಮ ನನ್ನ ಮುಖ ನೋಡಿದಳು.

“ಪುಡಿ ಕೆಟ್ಟಿಲ್ಲ,” ಎಂದೆ. ಎರಡೇ ಶಬ್ದ.

ಮುಂದೆ ಯಾರೂ ಆಕೆಯ ಮಾತು ಕೇಳಲಿಲ್ಲ. ಕೆಲಸ ನಿಂತಿತು. ಮೋಸಗಾತಿ ಎನಿಸಿಕೊಂಡು ಚೋರನೂರಿನ ತಂಗಿಯ ಮನೆ ಸೇರಿ ಕೂಲಿಗೆ ಹೋಗತೊಡಗಿದಳು. ನಾನು ಮಾತ್ರ ಇಲ್ಲೇ ಉಳಿದೆ — ಎಲ್ಲರ ನಮಸ್ಕಾರ ತೆಗೆದುಕೊಳ್ಳುತ್ತ, ಯಾರ ಕಟ್ಟೆಯ ಮೇಲೂ ಕೂರಲಾರದೆ. ಹಬ್ಬಕ್ಕೆ ಕರೆದರೆ ಮೈ ಸರಿಯಿಲ್ಲ ಎನ್ನುತ್ತೇನೆ. ಹೆಂಡತಿಗೂ ಇದನ್ನು ಹೇಳಿಲ್ಲ.

ನಿವೃತ್ತನಾದ ಮೇಲೆ, ಅಂತೂ ಧೈರ್ಯ ಮಾಡಿ ಚೋರನೂರಿಗೆ ಹೋದೆ. ತಲೆಯೆಲ್ಲ ಬೆಳ್ಳಗಾಗಿದ್ದ ಹುಲಿಗೆಮ್ಮ ಶೇಂಗಾ ಸುಲಿಯುತ್ತಿದ್ದಳು. ಒಂದೂ ಬಿಡದೆ ಹೇಳಿದೆ. ಆಕೆ ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ — ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆಕೆಯ ಕೈ ಕೂಡ ನಿಲ್ಲಲಿಲ್ಲ.

“ನಾ ಸೋಸಿದ್ದು ನನಗ ಗೊತ್ತಿಲ್ಲೇನ್ರಿ ಸರ? ನನಗ್ಯಾಕ ಹೇಳ್ತೀರಿ. ಓಣ್ಯಾಗ ಹೇಳ್ರಿ.”

ಚೋರನೂರಿನಿಂದ ಬಂದು ಎಂಟು ದಿನವಾಯಿತು. ದಿನಾ ಬೆಳಗ್ಗೆ ಅಂಗಿ ಹಾಕಿಕೊಂಡು ಹೊರಡುತ್ತೇನೆ, ಓಣಿಯ ಕಟ್ಟೆಯ ಹತ್ತಿರ ನಿಲ್ಲುತ್ತೇನೆ. ‘ಬರ್ರಿ ಸರ, ಕುಂದ್ರಿ’ ಎಂದು ಜಾಗ ಬಿಡುತ್ತಾರೆ.

ಇನ್ನೂ ಹೇಳಿಲ್ಲ.